ಐದು ನಿಮಿಷದ ಪ್ರೋಟೀನು

ಮೇ 31, ಶನಿವಾರ

ಧೋಟೆ ಸಾಹೇಬರು ಇವತ್ತು ನಿವೃತ್ತರಾದರು. ಹೊರಗೆ ನಲವತ್ತನಾಲ್ಕು ಡಿಗ್ರಿ ಬಿಸಿಲು. ಸಭಾಂಗಣದಲ್ಲಿದ್ದದ್ದು ಎರಡು ಕೂಲರು, ಎರಡೂ ವೇದಿಕೆಯ ಕಡೆಗೇ ಮುಖ ಮಾಡಿದ್ದವು. ಹದಿನೇಳು ಜನ ಹಾರ ಹಾಕಿದರು. ಸಂಶೋಧನಾ ಸಂಸ್ಥೆಯೊಂದರ ನಿರ್ದೇಶಕರಾಗಿ ಆರು ವರ್ಷ ಇದ್ದ ಮನುಷ್ಯ ಕೊನೆಯ ದಿನವೂ ಒಂದು ಉದ್ಘಾಟನೆ ಮಾಡದೆ ಹೋಗಲಿಲ್ಲ. ಸೈಕಲ್ ಸ್ಟ್ಯಾಂಡಿಗೆ ಟೇಪು ಕತ್ತರಿಸಿ, ಫೋಟೋ ತೆಗೆಸಿಕೊಂಡು, ಆಮೇಲೆ ಕಣ್ಣೀರು ಹಾಕಿದರು.

ಎರಡು ವರ್ಷದ ಹಿಂದೆ ಇದೇ ಮಹಾಶಯರು ನಮ್ಮ ಲ್ಯಾಬಿನ ಪೆಟ್ಟಿಗೆಯನ್ನು ಕೆಳಗಿನ ಹಜಾರಕ್ಕೆ ತಂದಿಡಿ ಎಂದಿದ್ದರು. ಅದು ಆಮ್ಲಜನಕ ತೀರ ಕಡಿಮೆ ಇಟ್ಟು ಜೀವಕೋಶ ಬೆಳೆಸುವ ಪೆಟ್ಟಿಗೆ. ನೀಲಿ ದೀಪ, ಗಾಜಿನ ಬಾಗಿಲು, ನೋಡಲು ಚೆಂದ. ಅದೇ ಅದರ ದುರದೃಷ್ಟ. ಬಂದ ಅತಿಥಿಗಳಿಗೆ ಬಾಗಿಲಲ್ಲೇ ವಿಜ್ಞಾನ ಕಾಣಬೇಕು ಎಂಬುದು ಅವರ ಆಸೆ. ತುಂಬಿದ ಸಭೆಯಲ್ಲಿ ಎದ್ದು ನಿಂತು ಪಾಠ ಮಾಡಿದ್ದೆ:

“ಸಾಹೇಬರೇ, ನಾವು ಹುಡುಕುವ ಪ್ರೋಟೀನನ್ನು ಜೀವಕೋಶ ದಿನವಿಡೀ ತಯಾರಿಸುತ್ತಲೇ ಇರುತ್ತದೆ, ದಿನವಿಡೀ ಚೂರು ಮಾಡುತ್ತಲೂ ಇರುತ್ತದೆ. ಆಮ್ಲಜನಕ ಇರುವಷ್ಟು ಹೊತ್ತು ಒಂದು ಕಿಣ್ವ ಅದರ ಮೇಲೆ ಸಣ್ಣದೊಂದು ಗುರುತು ಹಾಕುತ್ತದೆ. ಗುರುತು ಬಿದ್ದದ್ದು ಉಳಿಯುವುದಿಲ್ಲ. ಆಮ್ಲಜನಕ ಕಮ್ಮಿಯಾದರೆ ಗುರುತು ಹಾಕುವವರಿಲ್ಲ. ಆಗ ಅದು ಕೂಡುತ್ತಾ ಹೋಗಿ, ಕೋಶಕೇಂದ್ರದೊಳಗೆ ನುಗ್ಗಿ, ಸುಮ್ಮನಿದ್ದ ನೂರಾರು ಜೀನುಗಳನ್ನು ಎಬ್ಬಿಸುತ್ತದೆ. ಮತ್ತೆ ಗಾಳಿ ತಾಗಿದರೆ ಐದು ನಿಮಿಷದಲ್ಲಿ ಅರ್ಧ ಮಾಯ. ಹಜಾರದಿಂದ ಎರಡನೇ ಮಹಡಿಯ ಲ್ಯಾಬಿಗೆ ಕೋಶದ ತಟ್ಟೆ ಹೊತ್ತು ಬರುವಷ್ಟರಲ್ಲಿ ನೋಡಲು ಏನೂ ಇರುವುದಿಲ್ಲ. ನಾನಿರುವ ತನಕ ಪೆಟ್ಟಿಗೆ ಕದಲುವುದಿಲ್ಲ.”

ಹಿಂದಿನ ಸಾಲಿನಿಂದ ನನ್ನ ವಿದ್ಯಾರ್ಥಿನಿ ಯಶಿಕಾ, “ಅರ್ಧ ಅಲ್ರಿ ಸರ್, ಏಳು ನಿಮಿಷ ಬೇಕು ಹತ್ತಾಕ, ಅರ್ಧಕ್ಕಿಂತ ಜಾಸ್ತಿ ಹೋಗತೈತಿ” ಎಂದು ನನ್ನನ್ನೇ ತಿದ್ದಿದಳು. ಬಾಗಲಕೋಟೆಯ ವಾಯುಸೇನೆ ಕುಟುಂಬದ ಹುಡುಗಿ, ಬೆಳೆದದ್ದು ಈ ಮರಾಠಿ ಊರಿನ ವಾಯುಸೇನಾ ನಗರದಲ್ಲಿ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ದಿನಕ್ಕೆ ಮೂರು ಸಲ “ತಪ್ಪೈತ್ರಿ ಸರ್” ಎನ್ನದಿದ್ದರೆ ಅವಳಿಗೆ ಊಟ ಸೇರುವುದಿಲ್ಲ.

ಜೂನ್ 2, ಸೋಮವಾರ

ಆದೇಶ ಬಂತು. ಹೊಸಬರು ಬರುವ ತನಕ ಹಿರಿಯ ವಿಜ್ಞಾನಿ ಡಾ. ಕೃಷ್ಣಪ್ರಸಾದ ಪ್ರಭಾರ ನಿರ್ದೇಶಕರು. ಅಂದರೆ ನಾನು. ಕಡತಕ್ಕೆ ಸಹಿ ಹಾಕುವ ಗುಮಾಸ್ತಿಕೆ, ಬೇರೇನಿಲ್ಲ. ಕೂರುವುದು ನನ್ನ ಹಳೆಯ ಕೋಣೆಯಲ್ಲೇ, ಬಾಗಿಲು ಸದಾ ತೆರೆದಿರುತ್ತದೆ ಎಂದು ಎಲ್ಲರಿಗೂ ಹೇಳಿದೆ.

ಜಲಜಾಗೆ ಹೇಳಿದರೆ, “ಸರಿ, ಮೊದಲು ಕನ್ನಡಕ ಹುಡುಕಿಕೊಳ್ಳಿ, ಹಣೆ ಮೇಲಿದೆ” ಎಂದಳು. ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದ ಹೆಂಗಸು, ಗಂಡನಿಗೂ ಕೆಂಪು ಪೆನ್ನಿನಲ್ಲೇ ಉತ್ತರ.

ಜೂನ್ 5, ಗುರುವಾರ

ನಿರ್ದೇಶಕರ ಕೋಣೆಗೆ ಹೋದೆ. ಎಸಿ ಇದೆಯೆಂದು ಅಷ್ಟೇ. ಈ ಸೆಖೆಯಲ್ಲಿ ಕಡತಗಳೂ ಬೆವರುತ್ತವೆ.

ನಮ್ಮ ಲ್ಯಾಬಿನ ಟೆಕ್ನೀಶಿಯನ್ ಸೋಮಣ್ಣ ಗದಗಿನವರು, ವಾಯುಸೇನೆಯಿಂದ ನಿವೃತ್ತರಾದವರು. ಮೊನ್ನೆಯ ತನಕ ಸಿಲಿಂಡರಿನ ವಾಲ್ವ್ ವಿಷಯಕ್ಕೆ ನನ್ನೊಡನೆ ಜಗಳ ಆಡುತ್ತಿದ್ದರು. ಇವತ್ತು ಬಾಗಿಲಲ್ಲಿ ನಿಂತು ಸೆಲ್ಯೂಟ್ ಹೊಡೆದು, “ಹೌದ್ರಿ ಸರ್” ಎಂದರು. ನಾನು ಇನ್ನೂ ಏನೂ ಹೇಳಿರಲಿಲ್ಲ.

ಜೂನ್ 14, ಶನಿವಾರ

ಜಲಜಾ ಮೈಸೂರಿಗೆ ಹೊರಟಳು. ಮಗಳು ಗ್ರೀಷ್ಮಾಳ ಬಾಣಂತನ, ಮೂರು ತಿಂಗಳು. ದಿನಾ ಸಂಜೆ ಚಹಾ ಕೊಡುವಾಗ “ಇವತ್ತು ಏನೇನು ತಪ್ಪು ಮಾಡಿದ್ರಿ?” ಎಂದು ಕೇಳುವುದು ಅವಳ ಪದ್ಧತಿ. ಸ್ಟೇಷನ್ನಿನಲ್ಲಿ ರೈಲು ಹೊರಟ ಮೇಲೂ ಕಿಟಕಿಯಿಂದ ಏನೋ ಹೇಳುತ್ತಿದ್ದಳು. ಕೇಳಿಸಲಿಲ್ಲ. ಧರಮಪೇಠದ ಮನೆ ಈಗ ಎಷ್ಟು ಪ್ರಶಾಂತವಾಗಿದೆ!

ಜೂನ್ 27, ಶುಕ್ರವಾರ

ಮಳೆ ಬಂತು. ತರ್ರಿ ಪೋಹಾ, ಅಂದರೆ ಖಾರದ ರಸ ಸುರಿದ ಅವಲಕ್ಕಿ, ತರಿಸಿ ಸೋಮಣ್ಣನವರನ್ನು ಕೂರಿಸಿಕೊಂಡೆ. ಹಳೆಯ ಕತೆ ಹೇಳಿದರು. ಸೇನೆಯಲ್ಲಿ ವಿಮಾನ ಹಾರಿಸುವವರನ್ನು ಒಂದು ಕೋಣೆಯಲ್ಲಿ ಕೂರಿಸಿ ಗಾಳಿ ತೆಳ್ಳಗೆ ಮಾಡುತ್ತಾರಂತೆ. ಆಮ್ಲಜನಕದ ಮುಖವಾಡ ತೆಗೆಸಿ, ಕಾಗದ ಕೊಟ್ಟು, ತಮ್ಮ ಹೆಸರು ಬರೆಯುತ್ತಾ ಹೋಗಿ ಎನ್ನುತ್ತಾರಂತೆ.

“ಮೊದ್ಲ ಅಕ್ಷರ ಸಣ್ಣಗ, ಚೆಂದ ಇರತಾವ್ರಿ. ಆಮ್ಯಾಲೆ ದೊಡ್ಡವಾಗ್ತಾವು, ಸೊಟ್ಟ ಆಗ್ತಾವು. ಕಡೀಕ ಒಂದ್ ಅಕ್ಷರಕ್ಕ ಅರ್ಧ ಹಾಳೆ ಹೋಗತೈತಿ. ಆದ್ರ ಬರಿಯಾಂವಗ ಗೊತ್ತಾಗೂದಿಲ್ರಿ. ನಗತಿರ್ತಾನ. ಎಂದೂ ಇಷ್ಟ ಚಲೋ ಇರಲಿಲ್ಲ ಅಂತಾನ. ಹೊರಗಿದ್ದಾಂವ ಮುಖವಾಡ ಹಾಕಬೇಕು, ತಾನ ಹಾಕ್ಕೊಳ್ಳಾಂಗಿಲ್ಲ.”

“ಪಾಪ” ಎಂದೆ. ಬುದ್ಧಿಯುಳ್ಳವನಿಗೆ ತನ್ನ ಸ್ಥಿತಿ ತನಗೆ ತಿಳಿಯದಿರಲು ಹೇಗೆ ಸಾಧ್ಯ?

ಜುಲೈ 9, ಬುಧವಾರ

ಇವತ್ತೊಂದು ಒಳ್ಳೆಯ ನಿರ್ಧಾರ ಮಾಡಿದೆ. ಪೆಟ್ಟಿಗೆಯನ್ನು ಕೆಳಗಿನ ಹಜಾರಕ್ಕೆ ತರುವುದು. ಧೋಟೆಯವರು ಅದನ್ನು ಪ್ರದರ್ಶನಕ್ಕೆ ಬಯಸಿದ್ದರು. ನನ್ನ ಉದ್ದೇಶ ಜನರಲ್ಲಿ ವೈಜ್ಞಾನಿಕ ಅರಿವು ಮೂಡಿಸುವುದು. ವ್ಯತ್ಯಾಸ ಭೂಮಿ ಆಕಾಶದಷ್ಟಿದೆ.

ಯಶಿಕಾ ಓಡಿ ಬಂದಳು. “ತಪ್ಪೈತ್ರಿ ಸರ್. ನೀವ ಹೇಳಿದ್ರಲ್ಲ, ಐದು ನಿಮಿಷ ಅಂತ?” ಲಿಫ್ಟ್ ಇದೆ ಎಂದೆ. ಲಿಫ್ಟ್ ಜನವರಿಯಿಂದ ಕೆಟ್ಟಿದೆ ಎಂದಳು. ಹಾಗಾದರೆ ಹಜಾರದಲ್ಲೇ ಒಂದು ಮೇಜು ಕೊಡಿ, ಅಲ್ಲೇ ಕೋಶ ಒಡೆದು ಪ್ರೋಟೀನು ತೆಗೆಯುತ್ತೇನೆ ಎಂದಳು. ಸೋಫಾಗಳ ನಡುವೆ ಮಂಜುಗಡ್ಡೆಯ ಡಬ್ಬಿ, ರಾಸಾಯನಿಕದ ವಾಸನೆ! ಅತಿಥಿಗಳು ಏನೆಂದುಕೊಳ್ಳಬೇಕು? ಈ ಮಕ್ಕಳಿಗೆ ಒಟ್ಟು ಚಿತ್ರ ಕಾಣುವುದಿಲ್ಲ.

ಸೋಮಣ್ಣ “ಹೌದ್ರಿ ಸರ್” ಎಂದು ಆರು ಜನ ಕರೆತಂದು ಇಳಿಸಿಯೇಬಿಟ್ಟರು. ಚೆಂಡುಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದೆ.

ಜುಲೈ 21, ಸೋಮವಾರ

ಯಶಿಕಾಳ ಫಿಲ್ಮ್ ಖಾಲಿ. ಪ್ರೋಟೀನಿನ ಕಪ್ಪು ಗೆರೆ ಇರಬೇಕಾದಲ್ಲಿ ಬರೀ ಬಿಳಿ. ಪ್ರೋಟೀನನ್ನು ಹಿಡಿದು ತೋರಿಸುವ ಆಂಟಿಬಾಡಿ ಹಳೆಯದಿರಬೇಕು. ಹೊಸದು ತರಿಸು ಎಂದೆ.

ಆಗಸ್ಟ್ 4, ಸೋಮವಾರ

ಹೊಸ ಆಂಟಿಬಾಡಿಯಲ್ಲೂ ಖಾಲಿ. ಮೂರು ಸಲ ಮಾಡಿದಳಂತೆ, ಮೂರೂ ಸಲ. ಹಾಗಿದ್ದರೆ ದೋಷ ಕೈಯಲ್ಲೇ ಇರಬೇಕು. ಸೆಪ್ಟೆಂಬರ್ 30ಕ್ಕೆ ಅವಳ ಫೆಲೋಶಿಪ್ ಮುಗಿಯುತ್ತದೆ, ಅಷ್ಟರೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು, ಐದು ವರ್ಷದ ಕೆಲಸ ನೀರಿಗೆ. ಕೊನೆಯ ಅಧ್ಯಾಯಕ್ಕೆ ಮೂರು ಸರಿಯಾದ ಗೆರೆ ಬೇಕು. ಇದನ್ನೆಲ್ಲ ಅವಳು ನನಗೆ ನೆನಪಿಸುವ ಅಗತ್ಯವೇನಿತ್ತು, ನಾನೇ ಅವಳ ಗೈಡು.

ಹೊರಗೆ ನಲವತ್ತು ನಿಮಿಷ ಕಾದಳಂತೆ. ಭೇಟಿಯ ಸಮಯ ಹನ್ನೊಂದರಿಂದ ಹನ್ನೆರಡು ಎಂದು ಬಾಗಿಲಿಗೆ ಬರೆಸಿದ್ದು ಅವಳಿಗಾಗಿ ಅಲ್ಲವೇ? ಹೇಳುವುದನ್ನು ಬರೆದು, ವಿಭಾಗದ ಮೂಲಕ ಕಳಿಸು ಎಂದೆ. “ವಿಭಾಗದ ಮುಖ್ಯಸ್ಥರು ನೀವ ಅಲ್ರಿ ಸರ್?” ಎಂದಳು. ನಿಯಮ ಎಂದರೆ ನಿಯಮ.

ಆಗಸ್ಟ್ 15, ಶುಕ್ರವಾರ

ಧ್ವಜಾರೋಹಣ. ಭಾಷಣ ಐವತ್ತು ನಿಮಿಷ. ಚಪ್ಪಾಳೆ ನಿಲ್ಲಲೇ ಇಲ್ಲ, ಮಳೆ ಶುರುವಾದ ಮೇಲೆ ನಿಂತಿತು.

ಯಶಿಕಾ ಪೆಟ್ಟಿಗೆಯಿಂದ ತಟ್ಟೆ ತೆಗೆದು ಓಡುತ್ತಿದ್ದಳು. ನಿಲ್ಲಿಸಿ ಪಕ್ಕಕ್ಕೆ ಕರೆದು ಫೋಟೋ ತೆಗೆಸಿದೆ. ಗಂಟು ಮುಖ! ನಗಲು ಹೇಳಿ ಮತ್ತೆರಡು ತೆಗೆಸಿದೆ.

ನಾನು ಎಂದೂ ಇಷ್ಟು ಚೆನ್ನಾಗಿರಲಿಲ್ಲ.

ಆಗಸ್ಟ್ 23, ಶನಿವಾರ

ಮಾರ್ಬತ್ ನೋಡಲು ಹಳೆಯ ಪೇಟೆ ಮಹಾಲ್ ಕಡೆ ಹೋಗಿದ್ದೆ. ಎತ್ತಿನ ಹಬ್ಬ ಪೋಳಾದ ಮರುದಿನ ಈ ಊರಿನವರು ವರ್ಷದ ಪೀಡೆಗಳನ್ನೆಲ್ಲ ಗೊಂಬೆ ಮಾಡಿ ಮೆರವಣಿಗೆಯಲ್ಲಿ ಹೊತ್ತು, ಕೊನೆಗೆ ಸುಟ್ಟುಬಿಡುತ್ತಾರೆ. ದೊಡ್ಡ ಹೆಣ್ಣು ಗೊಂಬೆ ಮಾರ್ಬತ್‌ಗಳ ಹಿಂದೆ ಅಣಕದ ಗಂಡು ಗೊಂಬೆಗಳು, ಬಡಗ್ಯಾಗಳು. ನಮ್ಮ ವಿದ್ಯಾರ್ಥಿಗಳೂ ಒಂದು ಮಾಡಿದ್ದಾರೆಂದು ಜವಾನನಿಂದ ಗೊತ್ತಾಯಿತು. ಸೋಮಣ್ಣ ಮಾತ್ರ, “ಬರಬ್ಯಾಡ್ರಿ ಸರ್, ಭಾಳ ಗದ್ದಲ ಐತಿ” ಎಂದು ಎರಡು ಸಲ ಫೋನ್ ಮಾಡಿದರು. ಮೇಲಿನವರು ಮಕ್ಕಳ ಜೊತೆ ಬೆರೆಯಬೇಕು, ಹೋದೆ.

ಓಣಿಯ ತಿರುವಿನಲ್ಲಿ ಸಿಕ್ಕರು. ಹುಲ್ಲು ತುಂಬಿದ ಗೊಂಬೆ, ಒನಕೆಯಷ್ಟು ದಪ್ಪದ ಪೆನ್ನು ಹಿಡಿದಿತ್ತು. ಎಡಗಂಕುಳಲ್ಲಿ ರಟ್ಟಿನ ಪೆಟ್ಟಿಗೆ, ನೀಲಿ ಕಾಗದದ ದೀಪ, ಅದಕ್ಕೆ ಚೆಂಡುಹೂವಿನ ಹಾರ. ಕೊರಳಲ್ಲಿ ಮರಾಠಿ ಹಲಗೆ: “ಮೊದಲು ಫೋಟೋ, ಆಮೇಲೆ ಪ್ರಯೋಗ.” ನನ್ನನ್ನು ಕಂಡದ್ದೇ ಹುಡುಗರ ಮುಖ ಬಿಳಿಚಿಕೊಂಡಿತು. ಯಶಿಕಾ ಒಬ್ಬರ ಬೆನ್ನ ಹಿಂದೆ ಸರಿದಳು.

ನನಗೆ ನಗು ತಡೆಯಲಾಗಲಿಲ್ಲ. “ಥೇಟ್ ಧೋಟೆ ಸಾಹೇಬರು!” ಎಂದೆ. ಹುಡುಗರೆಲ್ಲ ಅಲ್ಲೇ ಇದ್ದ ಸೋಮಣ್ಣನ ಕಡೆ ತಿರುಗಿದರು. ಅವರು, “ಹೌದ್ರಿ ಸರ್” ಎಂದರು. ಅದೇ ಹೊಟ್ಟೆ, ಕತ್ತು ಎತ್ತಿದ ಭಂಗಿ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಒಂದೇ ತಪ್ಪೆಂದರೆ ಹಣೆ ಮೇಲೆ ಕನ್ನಡಕ ಏರಿಸಿದ್ದರು. ಧೋಟೆಯವರಿಗೆ ಕನ್ನಡಕವೇ ಇರಲಿಲ್ಲ. ಕಲಾವಿದರಿಗೆ ಅಷ್ಟು ಸ್ವಾತಂತ್ರ್ಯ ಕೊಡಬೇಕು.

ಮೆರವಣಿಗೆ ಮುಗಿಯುವ ತನಕ ಜೊತೆಗಿದ್ದೆ. “ಘೇವೂನ್ ಜಾ ಗೇ ಮಾರ್ಬತ್” ಎಂದು, ಪೀಡೆಯನ್ನೆಲ್ಲ ತೆಗೆದುಕೊಂಡು ಹೋಗು ತಾಯಿ ಎಂದು, ಎಲ್ಲರಿಗಿಂತ ಗಟ್ಟಿಯಾಗಿ ನಾನೇ ಕೂಗಿದೆ. ಬೆಂಕಿ ಹಚ್ಚುವ ಮರ್ಯಾದೆಯನ್ನೂ ಕೇಳಿ ಪಡೆದುಕೊಂಡೆ. ಚೆನ್ನಾಗಿ ಉರಿಯಿತು.

ಸೆಪ್ಟೆಂಬರ್ 3, ಬುಧವಾರ

ಯಶಿಕಾ ಮತ್ತೆ ಬಂದಳು. ಒಂಬತ್ತನೇ ಸಲವೂ ಖಾಲಿ. “ಸರ್, ಪೆಟ್ಟಿಗಿ ಮ್ಯಾಲೆ ಕಳಸ್ರಿ. ಹತ್ತ ದಿನಕ್ಕಾದ್ರೂ” ಎಂದಳು. ಈ ತಿಂಗಳು ಯಾವ ದಿನವಾದರೂ ದೆಹಲಿಯಿಂದ ಸಮಿತಿ ಬರಬಹುದು, ಹಜಾರ ಬೋಳಾಗಿ ಕಾಣಬಾರದು ಎಂದು ವಿವರಿಸಿದೆ.

ಆದರೂ ಅವಳ ಮೇಲೆ ಕನಿಕರ ಬಂದು ದಾರಿಯೊಂದನ್ನು ನಾನೇ ಹೇಳಿಕೊಟ್ಟೆ. ಹೋದ ವರ್ಷ ಬೇರೆ ಪ್ರಯೋಗಕ್ಕೆ ತೆಗೆದ ಚೆಂದದ ಚಿತ್ರವಿದೆ. ಅದೇ ಪ್ರೋಟೀನು, ಅದೇ ಪೆಟ್ಟಿಗೆ. ಅದನ್ನೇ ಇಲ್ಲಿ ಹಾಕು, ಯಾರು ಕೇಳುತ್ತಾರೆ? ಇದನ್ನು ಸುಳ್ಳು ಎನ್ನುವುದು ಚಿಕ್ಕ ಮಾತು. ಹೊಂದಾಣಿಕೆ ಎನ್ನಬಹುದು.

ಅವಳು ಈ ಸಲ “ತಪ್ಪೈತಿ” ಎನ್ನಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. “ಪ್ರಬಂಧ ಕೊಡೂದಿಲ್ರಿ ಸರ್. ಬ್ಯಾಡ” ಎಂದು ಹೇಳಿ ಹೋದಳು. ಸದ್ಯ, ಹುಡುಗಿ ಎದುರುತ್ತರ ಕೊಡುವುದನ್ನಾದರೂ ಬಿಟ್ಟಳು.

ಸೆಪ್ಟೆಂಬರ್ 12, ಶುಕ್ರವಾರ

ಜಲಜಾ ಬಂದಳು. ಚಹಾ ಕೊಟ್ಟು, “ಮೂರು ತಿಂಗಳಲ್ಲಿ ಏನೇನು ತಪ್ಪು ಮಾಡಿದ್ರಿ?” ಎಂದಳು. ಏನೂ ಇಲ್ಲ ಎಂದೆ.

ಸೆಪ್ಟೆಂಬರ್ 14, ಭಾನುವಾರ

ಮಧ್ಯಾಹ್ನ ಮಲಗಿದ್ದಾಗ ಜಲಜಾ ಈ ದಿನಚರಿ ತೆಗೆದಿದ್ದಾಳೆ. ಓದುವುದಿಲ್ಲ ಎಂದು ಮದುವೆಯ ವರ್ಷವೇ ಮಾತು ಕೊಟ್ಟಿದ್ದವಳು. ಕೇಳಿದರೆ, “ಓದ್ಲಿಲ್ಲ ರೀ, ತಿದ್ದಿದೆ” ಎನ್ನುತ್ತಾಳೆ!

ಜೂನ್ 5ರ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ. ಜುಲೈ 9ಕ್ಕೆ ಎರಡು. ಆಗಸ್ಟ್ 15ರಲ್ಲಿ “ಎಂದೂ ಇಷ್ಟು ಚೆನ್ನಾಗಿರಲಿಲ್ಲ” ಎಂಬುದರ ಕೆಳಗೆ ಗೆರೆ. ಮಾರ್ಬತ್ ದಿನದ ಕೊನೆಗೆ ಪುಟ್ಟ ಅಕ್ಷರದಲ್ಲಿ: “ಇದು ನೀವೇ ಕಣ್ರೀ. ಕನ್ನಡಕ ನೋಡಿ.” ಕೈ ಹಣೆಗೆ ಹೋಯಿತು. ಅಲ್ಲೇ ಇತ್ತು.

ಕಿರುಚಾಡಿದೆ. ನನ್ನ ಖಾಸಗಿ ಬರಹ, ನನ್ನ ಸ್ಥಾನಮಾನ, ಏನೇನೋ ಅಂದೆ. ಅವಳು ಪುಸ್ತಕವನ್ನು ನನ್ನ ಮುಂದೆ ತಂದು ಎರಡು ಪುಟ ತೆರೆದಿಟ್ಟಳು. “ಮೇ ತಿಂಗಳಲ್ಲಿ ಪುಟಕ್ಕೆ ಇಪ್ಪತ್ತೆಂಟು ಸಾಲು ಬರೀತಿದ್ರಿ. ಆಗಸ್ಟಲ್ಲಿ ಒಂಬತ್ತು. ಇಷ್ಟು ದಪ್ಪ ಅಕ್ಷರ ಯಾರಿಗೆ ಕಾಣ್ಲಿ ಅಂತ?” ಕಣ್ಣು ಮಂಜಾಗಿರಬೇಕು ಎಂದೆ. “ಇರಬಹುದು” ಎಂದು ಸೆಪ್ಟೆಂಬರ್ 3ರ ಪುಟ ತಿರುವಿದಳು. ಅಲ್ಲಿ ಚುಕ್ಕೆಯಿಲ್ಲ, ಗೆರೆಯಿಲ್ಲ. ಏನೂ ಬರೆದಿರಲಿಲ್ಲ. “ಇದಕ್ಕೆ ಏನು ಬರೀಬೇಕು ಅಂತ ಗೊತ್ತಾಗಲಿಲ್ಲ” ಎಂದು ಒಳಗೆ ಹೋದಳು.

ಕೋಪ ಎಷ್ಟು ಹೊತ್ತಿತ್ತೋ ನೋಡಲಿಲ್ಲ. ಚಹಾ ಆರುವ ಮೊದಲೇ ಇಳಿದಿತ್ತು. ಆಮೇಲೆ ಉಳಿದದ್ದು ಬರೀ ನಾಚಿಕೆ. ಆ ಹುಡುಗಿ ನನ್ನ ಮುಖ ನೋಡಿದ್ದು ನೆನಪಾಯಿತು. ಮೋಸ ಮಾಡು ಎಂದು ನಾನು ಹೇಳಿದೆ, ಬೇಡ ಎಂದು ಅವಳು ಐದು ವರ್ಷವನ್ನೇ ಬಿಟ್ಟು ಹೋದಳು.

ಸೆಪ್ಟೆಂಬರ್ 15, ಸೋಮವಾರ

ಬೆಳಿಗ್ಗೆ ಎಂಟಕ್ಕೆ ವಾಯುಸೇನಾ ನಗರಕ್ಕೆ ಹೋದೆ. ಯಶಿಕಾ ಬಾಗಿಲು ತೆರೆದು ಗಾಬರಿಯಾದಳು. “ನಾನು ಹೇಳಿದ್ದು ತಪ್ಪು. ಪೆಟ್ಟಿಗೆ ಮೇಲೆ ಹೋಗುತ್ತಿದೆ, ಬಾಮ್ಮ” ಎಂದೆ. ಅವಳಿಗೆ ಅಳು ಬಂತು, ನನಗೂ. ಅವಳ ತಾಯಿ ಇಬ್ಬರಿಗೂ ಉಪ್ಪಿಟ್ಟು ಕೊಟ್ಟರು.

ಹಜಾರದಲ್ಲಿ ಪೆಟ್ಟಿಗೆ ಇಡುವುದಕ್ಕೆ ನಾನು ಮೊದಲಿನಿಂದಲೂ ವಿರುದ್ಧವೇ ಇದ್ದೆ. ಕೆಂಪು ಚುಕ್ಕೆ ಬೀಳುವ ಮೊದಲು ನಾನೇ ತಿದ್ದುತ್ತೇನೆ: ಮೇ ತನಕ ಇದ್ದೆ.

ಸೋಮಣ್ಣನಿಗೆ ಪೆಟ್ಟಿಗೆ ಹತ್ತಿಸಿ ಎಂದಾಗ ಸೆಲ್ಯೂಟ್ ಹೊಡೆಯಲಿಲ್ಲ. “ಎರಡು ತಿಂಗಳ ಹಿಂದ ಹೇಳಿದ್ರ ನನ್ನ ಸೊಂಟ ಉಳೀತಿತ್ತು” ಎಂದರು. ನೀವೇಕೆ ಆಗಲೇ ನನ್ನನ್ನು ತಡೆಯಲಿಲ್ಲ ಎಂದೆ. “ಅಲ್ರಿ, ಮುಖವಾಡದ ಕತಿ ಮತ್ಯಾಕ ಹೇಳಿದ್ದೆ? ನೀವು ಪೋಹಾ ತಿಂದು ಪಾಪ ಅಂದ್ರಿ.” ದೆಹಲಿ ಸಮಿತಿಗೆ ಬೋಳು ಹಜಾರವೇ ಕಾಣಲಿ.

ಸೆಪ್ಟೆಂಬರ್ 28, ಭಾನುವಾರ

ಮೂರನೆಯ ಗೆರೆಯೂ ಬಂತು. ಪೆಟ್ಟಿಗೆಯಿಂದ ಮೇಜಿಗೆ ನಾಲ್ಕು ಹೆಜ್ಜೆ, ಮಂಜುಗಡ್ಡೆ ಹಿಡಿದು ನಿಂತವನು ನಾನು. ಫಿಲ್ಮಿನಲ್ಲಿ ಗೆರೆ ಕಾಡಿಗೆಯಷ್ಟು ಕಪ್ಪಗೆ ಮೂಡಿತು. ಯಶಿಕಾ ಕುಣಿದುಬಿಟ್ಟಳು. ನಾನು ಮಂಜುಗಡ್ಡೆಯ ಡಬ್ಬಿ ತಲೆಕೆಳಗಾಗಿ ಹಿಡಿದಿದ್ದೇನೆಂದು ಆಮೇಲೆ ಹೇಳಿದಳು.

ಅವಳು ಆ ಒಂಬತ್ತು ಖಾಲಿ ಫಿಲ್ಮುಗಳನ್ನೂ ಎಸೆದಿಲ್ಲ. ಪ್ರತಿ ಸಲ ತಟ್ಟೆ ಎಷ್ಟು ನಿಮಿಷ ಗಾಳಿಯಲ್ಲಿತ್ತೆಂದು ಬರೆದಿಟ್ಟು, ಈಗ ಅದನ್ನೇ ಒಂದು ಅಧ್ಯಾಯ ಮಾಡಿದ್ದಾಳೆ. ನಿಮಿಷದ ಲೆಕ್ಕದಲ್ಲಿ ಜೋಡಿಸಿದ ಪಟ್ಟಿಯ ಕೊನೆಯ ಸಾಲು: ಆಗಸ್ಟ್ 15, ಹದಿನಾಲ್ಕು ನಿಮಿಷ, ಪ್ರೋಟೀನು ಸೊನ್ನೆ, ವಿಳಂಬಕ್ಕೆ ಕಾರಣ ಮಾರ್ಗದರ್ಶಕರೊಡನೆ ಛಾಯಾಚಿತ್ರ. ಕಾರಣದ ಅಂಕಣ ತೆಗೆಯಬಹುದಲ್ಲವೇ ಎಂದೆ.

“ತಪ್ಪೈತ್ರಿ ಸರ್.”

ಹಾಗೇ ಸಹಿ ಹಾಕಿದೆ.

ಅಕ್ಟೋಬರ್ 8, ಬುಧವಾರ

ಯಶಿಕಾ ಪ್ರಬಂಧ ಕೊಟ್ಟಾಯಿತು, ಸಮಯಕ್ಕೆ ಒಂದು ದಿನ ಮುಂಚೆ. ಹೊಸ ನಿರ್ದೇಶಕರು ಡಾ. ಸ್ವಪ್ನಾ ಸೋಮವಾರ ಪುಣೆಯಿಂದ ಬಂದರು. ಒಳ್ಳೆಯ ವಿಜ್ಞಾನಿ. ತಮ್ಮ ಬಾಗಿಲು ಸದಾ ತೆರೆದಿರುತ್ತದೆ ಎಂದು ಮೊದಲ ದಿನವೇ ಹೇಳಿದ್ದಾರೆ. ನಾನು ಹಳೆಯ ಕೋಣೆಗೆ ಮರಳಿದ್ದೇನೆ. ಸೆಖೆ ಇದೆ, ಆದರೆ ಗಾಳಿ ಆಡುತ್ತದೆ.

ಇವತ್ತು ನಮ್ಮ ಲ್ಯಾಬಿಗೆ ಬಂದು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು. ನೀಲಿ ದೀಪ ಅವರ ಮುಖದ ಮೇಲೆ ಬಿದ್ದಿತ್ತು. ಇಷ್ಟು ಸುಂದರವಾದದ್ದನ್ನು ಮೇಲೆ ಯಾಕೆ ಬಚ್ಚಿಟ್ಟಿದ್ದೀರಿ, ಕೆಳಗಿನ ಹಜಾರ ಖಾಲಿ ಇದೆಯಲ್ಲ ಎಂದರು.

ಸೋಮಣ್ಣನ ಕೈ ಅಭ್ಯಾಸಬಲದಿಂದ ಹಣೆಯ ಕಡೆ ಏಳುತ್ತಿತ್ತು. ಯಶಿಕಾ ನನ್ನತ್ತ ನೋಡಿದಳು. “ಗಲತ್ ಹೈ, ಮೇಡಂ” ಎಂದು ಅವಳ ‘ತಪ್ಪೈತ್ರಿ’ಯನ್ನೇ ಹಿಂದಿಯಲ್ಲಿ ಅಂದೆ. ಅವರ ಮುಖ ಕೆಂಪಾಯಿತು. ಹೊರಟುಹೋದರು.

ನಾನು ಗಡಿಯಾರ ನೋಡಿದೆ. ಐದು ನಿಮಿಷವಾಯಿತು, ಹತ್ತಾಯಿತು, ಸಂಜೆಯಾಯಿತು, ಕೋಪ ಇಳಿಯಿತೆಂಬ ಕರೆ ಬರಲಿಲ್ಲ. ಸೋಮಣ್ಣ ವಿಚಾರಿಸಿಕೊಂಡು ಬಂದು ಹೇಳಿದರು. ಸಂಜೆ ಚಹಾದ ಹೊತ್ತಿಗೆ ಏನೇನು ತಪ್ಪು ಮಾಡಿದೆ ಎಂದು ಕೇಳಬೇಕಾದ ಅವರ ಯಜಮಾನರು ಇನ್ನೂ ಪುಣೆಯಲ್ಲೇ ಇದ್ದಾರಂತೆ.